ಮೊದಲ ರಿಬ್ರೀದರ್ ಯಾವುದು ಕೊಳ್ಳಲಿ?

ಪ್ರಶ್ನೆ: ನೇತ್ರಾಣಿಯಲ್ಲಿ ಸ್ಕೂಬಾ ಕಲಿತವನು ನಾನು. ಈಗ ಕೆಲಸದ ಮೇಲೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ನೂರರ ಹತ್ತಿರ ಡೈವ್ ಆಗಿವೆ. ಮುಂದಿನ ವರ್ಷ ಸ್ಕಾಟ್ಲೆಂಡಿನ ಉತ್ತರದ ಸ್ಕಾಪಾ ಫ್ಲೋ ಕೊಲ್ಲಿಗೆ ಹೋಗಿ ಮುಳುಗಿದ ಜರ್ಮನ್ ಹಡಗುಗಳನ್ನು ನೋಡುವ ಆಸೆ. ಅದಕ್ಕಾಗಿ ರಿಬ್ರೀದರ್ (ಬಿಟ್ಟ ಉಸಿರನ್ನೇ ಸೋಸಿ ಮತ್ತೆ ಕೊಡುವ ಡೈವಿಂಗ್ ಯಂತ್ರ) ಕೊಳ್ಳೋಣ ಎಂದರೆ ಇನ್‌ಸ್ಪಿರೇಶನ್, ಜೆಜೆ, ರೆವೊ, ಕಿಸ್ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಮೊದಲ ಸಲ ಕೊಳ್ಳುವವನಿಗೆ ಯಾವುದು ಒಳ್ಳೆಯದು? ರಜೆಗೆ ಊರಿಗೆ ಬಂದಾಗ ಅದನ್ನು ನೇತ್ರಾಣಿಗೂ ತರಲೇ?

ಉತ್ತರ: ನಿಮಗೆ ಕಲಿಸುವವರು ಯಾರು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಅವರು ಪಾಠವಿಲ್ಲದ ಭಾನುವಾರ ತಮ್ಮ ಖುಷಿಗೆ ಯಾವ ಯಂತ್ರ ಬೆನ್ನಿಗೇರಿಸಿಕೊಂಡು ನೀರಿಗಿಳಿಯುತ್ತಾರೋ ಅದನ್ನೇ ಕೊಳ್ಳಿ. ನುಣುಚಿಕೊಳ್ಳುವ ಮಾತಿನಂತೆ ಕೇಳಿಸೀತು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾಮೂಲಿ ಸಿಲಿಂಡರಿನಲ್ಲಿ ನಾವು ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಹೋಗಿಬಿಡುತ್ತದೆ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಸಾಕೆನ್ನುವವನು 40 ಮೀಟರ್ ಆಳದಲ್ಲಿ, ಐದು ಪಟ್ಟು ಒತ್ತಡದಲ್ಲಿ, ಸಿಲಿಂಡರಿನಿಂದ 100 ಲೀಟರ್ ಎಳೆಯುತ್ತಾನೆ. ಅಷ್ಟರಲ್ಲಿ ದೇಹ ಬಳಸಿಕೊಳ್ಳುವುದು ಹೆಚ್ಚುಕಡಿಮೆ ಒಂದು ಲೀಟರ್ ಆಮ್ಲಜನಕ, ಆಳ ಎಷ್ಟೇ ಇರಲಿ. ರಿಬ್ರೀದರ್ ಈ ದುಂದನ್ನು ನಿಲ್ಲಿಸುತ್ತದೆ. ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು, ಸೋಡಾ ಲೈಮ್ ಹರಳು ತುಂಬಿದ ಡಬ್ಬಿಯ ಮೂಲಕ ಹಾಯಿಸಿ ಇಂಗಾಲದ ಡೈಆಕ್ಸೈಡನ್ನು ಹೀರಿಸಿ, ಖರ್ಚಾದಷ್ಟು ಆಮ್ಲಜನಕ ಸೇರಿಸಿ ಮತ್ತೆ ಬಾಯಿಗೇ ಕೊಡುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ಯಂತ್ರದೊಳಗೂ ಇದೇ ಸೋಡಾ ಲೈಮ್ ಇರುತ್ತದೆ. ಹೊಸ ವಿದ್ಯೆಯೂ ಅಲ್ಲ. ಹೆನ್ರಿ ಫ್ಲೂಸ್ ಎಂಬ ಇಂಗ್ಲಿಷಿನವ 1878ರಲ್ಲೇ ಇಂಥದ್ದೊಂದನ್ನು ಮಾಡಿದ್ದ. ನಮ್ಮಂಥ ಹವ್ಯಾಸಿಗಳ ಕೈಗೆ ಅದು ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು ಮಾತ್ರ 1997ರಲ್ಲಿ ಇನ್‌ಸ್ಪಿರೇಶನ್ ಬಂದ ಮೇಲೆ.

ತೊಂದರೆ ಏನೆಂದರೆ, ಸಿಲಿಂಡರ್ ಕೈಕೊಟ್ಟರೆ ಗೊತ್ತಾಗುತ್ತದೆ, ಉಸಿರು ಬರುವುದಿಲ್ಲ. ರಿಬ್ರೀದರ್ ಕೈಕೊಟ್ಟಾಗ ಉಸಿರು ಎಂದಿನಂತೆ ಸರಾಗವಾಗಿ ಬರುತ್ತಲೇ ಇರುತ್ತದೆ, ಅದರೊಳಗೆ ಏನಿದೆ ಎಂಬುದು ಮಾತ್ರ ಬದಲಾಗಿರುತ್ತದೆ. ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಉಸಿರಿನ ಒಟ್ಟು ಒತ್ತಡದಲ್ಲಿ ಅದರ ಪಾಲು, 0.16 ಬಾರ್‌ಗಿಂತ ಇಳಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. 1.6 ದಾಟಿದರೆ ಫಿಟ್ಸ್ ಬರುವ ಅಪಾಯ. ಸಾಮಾನ್ಯವಾಗಿ ಆಳದಲ್ಲಿ 1.2 ಅಥವಾ 1.3ಕ್ಕೆ ಹಿಡಿದಿಡುತ್ತಾರೆ. ಮೂರನೆಯದು ಇಂಗಾಲದ ಡೈಆಕ್ಸೈಡ್. ಹರಳಿನ ಶಕ್ತಿ ಮುಗಿದಿದ್ದರೆ, ಡಬ್ಬಿಗೆ ಸಡಿಲವಾಗಿ ತುಂಬಿದ್ದರೆ, ಅಥವಾ ಸಂದಿ ಮುಚ್ಚುವ ಒಂದು ರಬ್ಬರ್ ಬಳೆ (ಓ-ರಿಂಗ್) ಹಾಕುವುದು ಮರೆತಿದ್ದರೆ ಅದು ಸೋಸದೆಯೇ ವಾಪಸು ಬರುತ್ತದೆ. ಮೇಲುಸಿರು, ತಲೆನೋವು, ಗಾಬರಿ, ಆಮೇಲೆ ಯೋಚಿಸುವ ಶಕ್ತಿಯೇ ಹೋಗುತ್ತದೆ. 2005ರಲ್ಲಿ ದಕ್ಷಿಣ ಆಫ್ರಿಕಾದ ನೀರು ತುಂಬಿದ ಗುಹೆ ಬುಷ್‌ಮನ್ಸ್ ಹೋಲ್‌ನಲ್ಲಿ, 270 ಮೀಟರ್ ಆಳದಲ್ಲಿ ಡೈವರ್ ಡೇವಿಡ್ ಶಾ ತೀರಿಕೊಂಡದ್ದು ಹೀಗೆ. ಅಷ್ಟು ಒತ್ತಡದಲ್ಲಿ ಮೈ ದಣಿಸಿ ಕೆಲಸ ಮಾಡುತ್ತ ಇಂಗಾಲದ ಡೈಆಕ್ಸೈಡ್ ಏರಿಹೋಯಿತು.

ಇನ್ನು ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. 1998ರಿಂದ 2010ರವರೆಗಿನ 181 ರಿಬ್ರೀದರ್ ಸಾವುಗಳನ್ನು ಆಸ್ಟ್ರೇಲಿಯಾದ ವೈದ್ಯ ಆಂಡ್ರ್ಯೂ ಫಾಕ್ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಮಾಮೂಲಿ ಸ್ಕೂಬಾಕ್ಕೆ ಹೋಲಿಸಿದರೆ ಸಾವಿನ ಅಪಾಯ ಹಲವು ಪಟ್ಟು ಹೆಚ್ಚು ಎಂದು ಅಂದಾಜಿಸಿದರು. ಆದರೆ ಇಂಥ ಕಂಪನಿಯದ್ದೇ ಹೆಚ್ಚು ಕೊಲ್ಲುತ್ತದೆ ಎಂದು ಬೆರಳು ತೋರುವಂಥದ್ದೇನೂ ಸಿಗಲಿಲ್ಲ. ಕೈಯಿಂದ ನಡೆಸುವ ಯಂತ್ರಕ್ಕೂ ಎಲೆಕ್ಟ್ರಾನಿಕ್ ಯಂತ್ರಕ್ಕೂ ಈ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಾವ ಬ್ರ್ಯಾಂಡ್ ಎಂದು ರಾತ್ರಿಯೆಲ್ಲ ವಾದಿಸುವವರಿಗೆ ನಾನು ಈ ಮಾತನ್ನು ನೆನಪಿಸುತ್ತಿರುತ್ತೇನೆ. ಅವರು ವಾದ ನಿಲ್ಲಿಸುವುದಿಲ್ಲ, ಅದು ಬೇರೆ ಮಾತು.

ಹಾಗಾದರೆ ಉಳಿಯುವುದು ಕಲಿಕೆ, ಅಭ್ಯಾಸ, ಜೊತೆಗಾರರು. ರಿಬ್ರೀದರ್ ಸರ್ಟಿಫಿಕೇಟ್ ಕೊಡುವುದು ಆಯಾ ಯಂತ್ರಕ್ಕೆ. ಜೆಜೆ ಕಲಿತವರು ನಾಳೆ ರೆವೊ ಹಾಕಿಕೊಳ್ಳಬೇಕೆಂದರೆ ಅದರ ಪಾಠ ಬೇರೆಯೇ ಆಗಬೇಕು. ನೀವಿರುವ ಲೆಸ್ಟರ್‌ನ ಬಳಿಯಲ್ಲೇ ಸ್ಟೋನಿ ಕೋವ್ ಇದೆ, ಹಳೆಯ ಕಲ್ಲುಕ್ವಾರಿ, ಆಳ ಸುಮಾರು 35 ಮೀಟರ್, ಬ್ರಿಟನ್ನಿನ ಅರ್ಧ ಡೈವರುಗಳು ಕಲಿತದ್ದೇ ಅಲ್ಲಿ ಎನ್ನಬೇಕು. ದುಡ್ಡು ಮನೆಯಲ್ಲಿಟ್ಟು ಒಂದು ಶನಿವಾರ ಸುಮ್ಮನೆ ಹೋಗಿ ನಿಲ್ಲಿ. ಯಾರ ಬೆನ್ನಲ್ಲಿ ಏನಿದೆ, ಯಾರು ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿದು ಒಂದೊಂದಾಗಿ ಗುರುತು ಹಾಕುತ್ತಾರೆ, ಯಾರು "ನನಗೆಲ್ಲ ಬಾಯಿಪಾಠ" ಎಂದು ಹರಟೆ ಹೊಡೆಯುತ್ತ ಜೋಡಿಸುತ್ತಾರೆ, ನೋಡಿ. ಮೊದಲನೆಯವರಲ್ಲಿ ಪಾಠ ಕೇಳಿ. ಅವರದೇ ಯಂತ್ರ ನಿಮ್ಮದೂ ಆದರೆ ಹೋಸ್ ಹರಿದಾಗ ಬಿಡಿಭಾಗ ಸಿಗುತ್ತದೆ, ನೀರಿನಡಿ ನಿಮ್ಮ ಪರದೆಯಲ್ಲಿ ಮಿನುಗುತ್ತಿರುವ ಕೆಂಪು ದೀಪದ ಅರ್ಥ ಜೊತೆಗಾರನಿಗೂ ಗೊತ್ತಿರುತ್ತದೆ.

ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಕಂಪ್ಯೂಟರೇ ಕವಾಟ ತೆರೆದು ಆಮ್ಲಜನಕ ಬಿಡುತ್ತದೆ. ಕಿಸ್‌ನಂಥವುಗಳಲ್ಲಿ ಸಣ್ಣ ರಂಧ್ರದಿಂದ ಸದಾ ಸ್ವಲ್ಪ ಹರಿಯುತ್ತಿರುತ್ತದೆ, ಕೊರತೆಯನ್ನು ನೀವು ಗುಂಡಿ ಒತ್ತಿ ತುಂಬಬೇಕು. ಕೈಯಿಂದ ನಡೆಸುವುದು ಎಚ್ಚರ ಕಲಿಸುತ್ತದೆ ಎನ್ನುವವರಿದ್ದಾರೆ, ಎಚ್ಚರ ತಪ್ಪಿದಾಗ ಕಂಪ್ಯೂಟರ್ ಕಾಯುತ್ತದೆ ಎನ್ನುವವರೂ ಇದ್ದಾರೆ. ಮೊದಲನೆಯದಾಗಿ ಎಲೆಕ್ಟ್ರಾನಿಕ್ ಇರಲಿ ಎಂಬ ಕಡೆ ನಾನು ವಾಲುತ್ತೇನೆ. ಉಸಿರಿನ ಚೀಲ ಎದೆಯ ಮೇಲೋ ಬೆನ್ನ ಹಿಂದೋ ಎಂಬುದು ಈಜುಕೊಳದಲ್ಲಿ ಒಂದು ಗಂಟೆ ಎರಡನ್ನೂ ಹಾಕಿ ನೋಡಿದರೆ ತಾನೇ ತೀರ್ಮಾನವಾಗುತ್ತದೆ.

ಆಮ್ಲಜನಕ ಅಳೆಯುವ ಸೆನ್ಸರುಗಳ ಬಗ್ಗೆ ಮಾತ್ರ ಜಿಪುಣತನ ಬೇಡ. ಸಾಮಾನ್ಯವಾಗಿ ಮೂರಿರುತ್ತವೆ, ಎರಡು ಒಂದೇ ಅಂಕಿ ಹೇಳಿ ಮೂರನೆಯದು ಬೇರೆ ಹೇಳಿದರೆ ಯಂತ್ರ ಬಹುಮತವನ್ನು ನಂಬುತ್ತದೆ. ಒಂದೇ ದಿನ ಕೊಂಡ, ಒಂದೇ ಬ್ಯಾಚಿನ ಮೂರು ಸೆನ್ಸರುಗಳಲ್ಲಿ ಎರಡು ಜೊತೆಯಾಗಿ ಮುಪ್ಪಾದರೆ ಬಹುಮತ ಸುಳ್ಳಿನ ಕಡೆ, ಒಂಟಿ ಅಂಕಿಯೇ ನಿಜ. ಇವು ಬ್ಯಾಟರಿಯಂತೆ ಸವೆಯುವ ವಸ್ತು, ನೀರಿಗಿಳಿಯದೆ ಗ್ಯಾರೇಜಿನಲ್ಲಿಟ್ಟರೂ ಸವೆಯುತ್ತವೆ. ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ. ದಡದಲ್ಲಿ ಶುದ್ಧ ಆಮ್ಲಜನಕಕ್ಕೆ 1.0 ಎಂದು ಸರಿಯಾಗಿ ತೋರಿಸುವ ಮುದಿ ಸೆನ್ಸರ್ 1.3ರವರೆಗೆ ಏರಲಾರದೆ ಹೋಗಬಹುದು. ಆಗ ಕಂಪ್ಯೂಟರ್ ಇನ್ನೂ ಸಾಲದೆಂದು ಆಮ್ಲಜನಕ ಸುರಿಯುತ್ತಲೇ ಇರುತ್ತದೆ. ಅದಕ್ಕೇ ತಿಳಿದವರು 6 ಮೀಟರಿನಲ್ಲಿ ಕ್ಷಣಕಾಲ ಆಮ್ಲಜನಕ ತುಂಬಿ, ಅಂಕಿ 1.6ರ ಹತ್ತಿರ ಹೋಗುತ್ತದೆಯೇ ಎಂದು ನೋಡುತ್ತಾರೆ. ಇದನ್ನು ನಿಮ್ಮ ಗುರು ಕಲಿಸಲಿಲ್ಲವಾದರೆ ಕೇಳಿ ಕಲಿಯಿರಿ.

ಎಲ್ಲವೂ ಕೆಟ್ಟರೆ ಬೇಲ್‌ಔಟ್, ಅಂದರೆ ಪಕ್ಕಕ್ಕೆ ಕಟ್ಟಿಕೊಂಡ ಮಾಮೂಲಿ ಸಿಲಿಂಡರ್. ಯಂತ್ರದ ಜೊತೆ ಬರುವ 3 ಲೀಟರಿನ ಪುಟ್ಟ ಸಿಲಿಂಡರೇ ಸಾಕೆಂದು ಹೊಸಬರು ಭಾವಿಸುತ್ತಾರೆ. 200 ಬಾರ್‌ಗೆ ತುಂಬಿದರೆ ಅದರಲ್ಲಿರುವುದು 600 ಲೀಟರ್. ಗಾಬರಿಯಾದವನು ನಿಮಿಷಕ್ಕೆ 40 ಲೀಟರ್ ಎಳೆದರೆ, 40 ಮೀಟರಿನಲ್ಲಿ ಅದು 200 ಲೀಟರ್. ಮೂರು ನಿಮಿಷದ ಆಟ. ಕನಿಷ್ಠ 7 ಲೀಟರಿನದೊಂದು ಬೇರೆ ಇರಲಿ. ಬಾಯಿಂದ ಏನೂ ತೆಗೆಯದೆ ಗುಂಡಿ ತಿರುಗಿಸಿ ಅದಕ್ಕೆ ಬದಲಾಗುವ ಬಾಯಿಕೊಳವೆ ಸಿಗುತ್ತದೆ, ಅದಕ್ಕೆ ದುಡ್ಡು ಹಾಕಿ. ಮೇಲುಸಿರು ಹತ್ತಿದವನಿಗೆ ಬಾಯಿಂದ ಒಂದನ್ನು ತೆಗೆದು ಇನ್ನೊಂದನ್ನು ಇಡುವುದು ಬೆಟ್ಟ ಹತ್ತಿದ ಹಾಗೆ.

ಹೊಸ ಯಂತ್ರ ಆರೇಳು ಸಾವಿರ ಪೌಂಡಿನಿಂದ ಹತ್ತು ಸಾವಿರದವರೆಗೆ ಹೋಗುತ್ತದೆ, ಕೋರ್ಸು, ಸೆನ್ಸರು, ಹರಳು ಬೇರೆ. ಸೆಕೆಂಡ್ ಹ್ಯಾಂಡ್ ತಪ್ಪಲ್ಲ. ನೀರಲ್ಲಿರುವ ಎಮ್ಮೆಗೆ ವ್ಯಾಪಾರ ಮಾಡಬಾರದು ಎಂಬ ಗಾದೆ ಮಾತ್ರ ಇಲ್ಲಿ ತಿರುವುಮುರುವು: ಮಾರುವವರು ಅದನ್ನು ಹಾಕಿಕೊಂಡು ನೀರಿಗಿಳಿದದ್ದನ್ನು ಕಣ್ಣಾರೆ ನೋಡಿಯೇ ಬೆಲೆ ಮಾತಾಡಿ. ಸರ್ವಿಸ್ ಮಾಡಿಸಿದ ಕಾಗದ ಕೇಳಿ. ಒಳಗಿನ ಸೆನ್ಸರುಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ, ಹೊಸವು ಹಾಕಿಸಿ.

ಸ್ಕಾಪಾ ಫ್ಲೋ ವಿಚಾರ. 1919ರ ಜೂನ್ 21ರಂದು ಜರ್ಮನ್ ನಾವಿಕರು ತಾವೇ ಮುಳುಗಿಸಿದ ಹಡಗುಗಳಲ್ಲಿ ಮೂರು ದೊಡ್ಡ ಯುದ್ಧನೌಕೆಗಳು 40 ಮೀಟರಿನ ಆಸುಪಾಸು ತಳದಲ್ಲಿ ಬೋರಲು ಬಿದ್ದಿವೆ, ನಾಲ್ಕು ಕ್ರೂಸರುಗಳು ಸ್ವಲ್ಪ ಮೇಲೆ. ಅಷ್ಟನ್ನು ಜೋಡಿ ಸಿಲಿಂಡರಿನಲ್ಲೂ ಜನ ನೋಡಿ ಬರುತ್ತಾರೆ. ನೂರು ಡೈವಿನವರು ರಿಬ್ರೀದರಿಗೆ ಬಂದರೆ ಮೊದಲ ದಿನ ಮತ್ತೆ ಅಂಗನವಾಡಿಗೇ ಸೇರಿದಂತೆ. ಶ್ವಾಸ ಎಳೆದರೆ ಮೇಲೇಳುತ್ತೇನೆ, ಬಿಟ್ಟರೆ ಇಳಿಯುತ್ತೇನೆ ಎಂದು ಮೈಗೂಡಿಸಿಕೊಂಡ ವಿದ್ಯೆ ಇಲ್ಲಿ ನಡೆಯುವುದಿಲ್ಲ, ಎದೆಯಿಂದ ಹೋದ ಗಾಳಿ ಚೀಲದಲ್ಲೇ ಕೂತಿರುತ್ತದೆ. ಮೊದಲ ಪಾಠದಲ್ಲಿ ನಾನು ಸೀಲಿಂಗಿಗೆ ತಗುಲಿದ ಬಲೂನಿನಂತೆ ನೀರಿನ ಮೇಲ್ಮೈಗೆ ಅಂಟಿಕೊಂಡಿದ್ದೆ. ಈ ಚಳಿಗಾಲ ಕೋರ್ಸು ಮುಗಿಸಿ, ಸ್ಟೋನಿ ಕೋವ್‌ನಲ್ಲಿ ಐವತ್ತು ಗಂಟೆಯಾದರೂ ಕಳೆದು ಆಮೇಲೆ ಉತ್ತರಕ್ಕೆ ಹೊರಡಿ. ಅಷ್ಟರಲ್ಲಿ ಐವತ್ತು ಆಗದಿದ್ದರೆ ಸ್ಕಾಪಾಕ್ಕೆ ಜೋಡಿ ಸಿಲಿಂಡರ್ ಸಾಕು, ಹಡಗುಗಳು ನೂರು ವರ್ಷದಿಂದ ಕಾದಿವೆ.

ರಜೆಗೆ ಬಂದಾಗ ಅದನ್ನು ನೇತ್ರಾಣಿಗೆ ತರಲೇ ಎಂದೂ ಕೇಳಿದ್ದೀರಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಹತ್ತು–ಹದಿನೈದು ಮೀಟರಿನಲ್ಲಿ ಎರಡು ಸಲ ಮುಳುಗಿ ಮಧ್ಯಾಹ್ನದ ಊಟಕ್ಕೆ ವಾಪಸಾಗುವ ಜಾಗ ಅದು. ಅಲ್ಲಿಗೆ ಬರುವಾಗ ಮಾಸ್ಕ್ ತನ್ನಿ, ಸಾಕು.