250 ವೋಲ್ಟ್ ಇದ್ದಲ್ಲಿ 353 ಹೇಗೆ ಬರುತ್ತದೆ: ವಾಲ್ವ್ ರೇಡಿಯೊ ದುರಸ್ತಿಯ ಟಿಪ್ಪಣಿ

ಬಸವನಗುಡಿಯ ಮನೆಯ ಅಟ್ಟದಲ್ಲಿದ್ದ ಅಜ್ಜನ ವಾಲ್ವ್ ರೇಡಿಯೊವನ್ನು ಸರಿಪಡಿಸುವಾಗ ನಾನು ಎರಡು ವಾರ ಒಂದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡೆ: 250 ವೋಲ್ಟ್ ಎಂದು ಬರೆದಿರುವಲ್ಲಿ ಮೀಟರ್ ಅದಕ್ಕಿಂತ ಅಷ್ಟೊಂದು ಹೆಚ್ಚು ತೋರಿಸುವುದೇಕೆ? ಬೆಸುಗೆ ಹಾಕುವುದನ್ನೂ ಮಲ್ಟಿಮೀಟರ್ ಹಿಡಿಯುವುದನ್ನೂ ಬಲ್ಲವರಿಗಾಗಿ ಅದನ್ನು ಬರೆದಿಡುತ್ತಿದ್ದೇನೆ.

ಹಳೆಯ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಸೇರಿಸಬಾರದು. 60 ವ್ಯಾಟ್‌ನ ಹಳೆಯ ಮಾದರಿಯ ಬಲ್ಬನ್ನು ಸರಣಿಯಲ್ಲಿ ಜೋಡಿಸಿಕೊಂಡರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬು ಪ್ರಖರವಾಗಿ ಉರಿದು ಟ್ರಾನ್ಸ್‌ಫಾರ್ಮರನ್ನು ಕಾಪಾಡುತ್ತದೆ. ಆಫ್ ಮಾಡಿದ ಮೇಲೂ, ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್‌ನಲ್ಲಿ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆ. ಆದ್ದರಿಂದ ಪ್ಲಗ್ ಕಿತ್ತು, 10 ಕಿಲೋಓಮ್ ರೆಸಿಸ್ಟರ್‌ನಿಂದ ಅದನ್ನು ಬರಿದು ಮಾಡಿ, ಮೀಟರ್‌ನಲ್ಲಿ ಸೊನ್ನೆ ಕಂಡ ನಂತರವೇ ಕೈಯಿಡಬೇಕು.

ಎಸ್.ಪಿ. ರಸ್ತೆಯಲ್ಲಿ 33 ಮೈಕ್ರೋಫ್ಯಾರಡ್, 450 ವೋಲ್ಟ್‌ನ ಎರಡು ಕೆಪಾಸಿಟರ್ ಕೊಂಡು ತಂದು ಹಳೆಯ ಫಿಲ್ಟರ್ ಕೆಪಾಸಿಟರ್‌ಗಳ ಜಾಗದಲ್ಲಿ ಹಾಕಿದೆ. ಎಸಿಯನ್ನು ಡಿಸಿ ಮಾಡುವ ವಾಲ್ವ್ ಆದ ಇಝೆಡ್80 ರೆಕ್ಟಿಫೈಯರ್‌ಗೆ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ಮೀರಬಾರದು, ದೊಡ್ಡದಾದಷ್ಟೂ ಒಳ್ಳೆಯದೆಂಬ ಎಣಿಕೆ ಇಲ್ಲಿ ತಪ್ಪು.

ನನ್ನ ತೊಡಕು ಶುರುವಾದದ್ದು ಇದಾದ ಮೇಲೆ. ಟ್ರಾನ್ಸ್‌ಫಾರ್ಮರ್ 250-0-250 ವೋಲ್ಟ್‌ನದು, ಅಂದರೆ ನಡುವಿನ ಸೊನ್ನೆಯ ತಂತಿಯ ಎರಡೂ ಬದಿಗೆ 250 ವೋಲ್ಟ್ ಕೊಡುವ ಎರಡು ಅರ್ಧಗಳಿವೆ. ರೆಕ್ಟಿಫೈಯರ್ ಒಂದನ್ನು ಬಿಟ್ಟು ಉಳಿದ ವಾಲ್ವ್‌ಗಳನ್ನು ತೆಗೆದು ಮೊದಲ ಕೆಪಾಸಿಟರ್‌ನ ಮೇಲೆ ಅಳೆದರೆ ಮೀಟರ್ 378 ತೋರಿಸಿತು. ಎರಡು ಅರ್ಧಗಳು ಕೂಡಿಕೊಂಡಿದ್ದರೆ 500 ಬರಬೇಕಿತ್ತು, ಕೂಡಿರದಿದ್ದರೆ 250. ಈ 378 ಎಲ್ಲಿಂದ ಬಂತು?

ಅರ್ಧಗಳು ಸರದಿಯ ಮೇಲೆ ಕೆಲಸ ಮಾಡುವುದರಿಂದ ಕೂಡಿಕೊಳ್ಳುವುದಿಲ್ಲ. ಎಸಿ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. 250 ಎನ್ನುವುದು ಅದರ ಎತ್ತರವಲ್ಲ, ಅದು ಕೊಡುವ ಶಾಖದ ಅಳತೆ. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವರ್ಗಗಳ ಸರಾಸರಿಯನ್ನು ತೆಗೆಯಬೇಕು, ಮತ್ತು ಸೈನ್ ಅಲೆಯಲ್ಲಿ ಆ ಸರಾಸರಿ ಶಿಖರದ ವರ್ಗದ ಅರ್ಧದಷ್ಟಿರುತ್ತದೆ. ಸಂಖ್ಯೆಗಳಲ್ಲೇ ನೋಡಿ: 250ರ ವರ್ಗ 62,500; ಅದರ ಎರಡರಷ್ಟು 1,25,000; ಇದರ ವರ್ಗಮೂಲ ಸುಮಾರು 353. ಅಂದರೆ 250 ಎಂದು ಕರೆಯುವ ಅಲೆಯ ಶಿಖರ 353. ಸೂತ್ರವನ್ನು ಬಾಯಿಪಾಠ ಮಾಡಿದ್ದಾಗ ತಿಳಿಯದ್ದು ಈ ಲೆಕ್ಕವನ್ನು ಹಿಂದುಮುಂದಾಗಿ ನಾಲ್ಕು ಸಲ ಬರೆದಾಗ ತಿಳಿಯಿತು.

ಕೆಪಾಸಿಟರ್ ಶಿಖರವನ್ನೇ ಹಿಡಿದುಕೊಳ್ಳುವುದೇಕೆ ಎಂಬುದಕ್ಕೆ ನಮ್ಮ ಮನೆಗಳ ಮೇಲ್ತೊಟ್ಟಿಯನ್ನು ನೆನೆಯಬಹುದು. ಕೊಳವೆಯ ಒತ್ತಡ ಏರಿಳಿಯುತ್ತಿದ್ದರೂ, ನೀರು ಹಿಂದಕ್ಕೆ ಹರಿಯದಂತೆ ತಡೆವಾಲ್ವ್ ಇದ್ದು, ಯಾರೂ ನಲ್ಲಿ ತಿರುಗಿಸದಿದ್ದರೆ, ತೊಟ್ಟಿಯ ಮಟ್ಟ ಅತಿ ಹೆಚ್ಚಿನ ಒತ್ತಡ ಮುಟ್ಟಿಸಿದ ಎತ್ತರದಲ್ಲಿ ನಿಲ್ಲುತ್ತದೆ. ಇಲ್ಲಿ ರೆಕ್ಟಿಫೈಯರೇ ತಡೆವಾಲ್ವ್. ಉಳಿದ ವಾಲ್ವ್‌ಗಳನ್ನು ತೆಗೆದಿದ್ದರಿಂದ ನಲ್ಲಿಗಳೆಲ್ಲ ಮುಚ್ಚಿದ್ದವು. 350 ವೋಲ್ಟ್‌ನ ಕೆಪಾಸಿಟರ್ ಇಲ್ಲಿ ಸಾಲದು ಎನ್ನುವುದಕ್ಕೂ ಇದೇ ಕಾರಣ.

ಆದರೆ 353 ಏಕೆ 378 ಆಯಿತು? ಮನೆಯ ವೋಲ್ಟೇಜಿಗೆ ಹೊಂದಿಸಿಕೊಳ್ಳುವ ಟ್ರಾನ್ಸ್‌ಫಾರ್ಮರಿನ ಮೇನ್ಸ್ ಟ್ಯಾಪ್ 220ರಲ್ಲಿತ್ತು, ನಮ್ಮ ಮನೆಗೆ ಬರುತ್ತಿದ್ದದ್ದು 236. ಆ ಅನುಪಾತದಲ್ಲಿ 250 ಎಂಬುದು 268 ಆಗಿ, ಅದರ ಶಿಖರ 379ಕ್ಕೆ ಏರಿತ್ತು. ಟ್ಯಾಪನ್ನು 240ಕ್ಕೆ ಬದಲಿಸಿದ ಮೇಲೆ 347 ಬಂತು. ವಾಲ್ವ್‌ಗಳನ್ನೆಲ್ಲ ಹಾಕಿದಾಗ ಅದು 270ಕ್ಕೆ ಇಳಿಯಿತು, ವಾಲ್ವ್‌ಗಳನ್ನು ಒಳಗಿಂದ ಕಾಯಿಸುವ ಹೀಟರ್ 6.2 ವೋಲ್ಟ್‌ನಲ್ಲಿ ನಿಂತಿತು.

ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ವಾಲ್ವ್‌ನ ವಿದ್ಯುತ್ತನ್ನು ನಿಯಂತ್ರಿಸುವ ತುದಿಗೆ) ಹೋಗುವ ಕಾಗದದ ಕೆಪಾಸಿಟರನ್ನು ಪರೀಕ್ಷಿಸದೆಯೇ ಬದಲಿಸಿಬಿಡಿ. ಅದು ಸೋರಿದರೆ ಗ್ರಿಡ್‌ಗೆ ಧನ ವೋಲ್ಟೇಜು ಸೇರಿ ವಾಲ್ವ್ ಕೆಂಪಗೆ ಕಾಯುತ್ತದೆ. ಅದನ್ನೂ ಬದಲಿಸಿದ ಸಂಜೆ, ಮುಳ್ಳನ್ನು 490 ಮೀಟರ್ ಹತ್ತಿರಕ್ಕೆ ತಂದಾಗ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಕೇಳಿಸಿತು.