ಎನ್‌ಎ ಆದ ಹೊಲ, ಬಂದಾದ ಚಕ್ಕಡಿ ದಾರಿ

2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಬೇಕೆಂದಾಗ ರೈತರು ಬೀದಿಗಿಳಿದರು, ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಅಲ್ಲಿ ಎದುರಿಸಲು ಒಂದು ಪ್ರಸ್ತಾವವಾದರೂ ಇತ್ತು. ರೆಸಾರ್ಟ್ ಹಾಗೆ ಬರುವುದಿಲ್ಲ. ಇವತ್ತು ಒಂದು ಹಿಸ್ಸಾ, ಆರು ತಿಂಗಳಿಗೆ ಪಕ್ಕದ್ದು, ವಾಟ್ನಿ (ಪಾಲಿನ) ಜಗಳದಲ್ಲಿದ್ದ ಮೂರನೆಯದು ಅಗ್ಗಕ್ಕೆ. ತಂತಿ ಬೇಲಿ ಬಿದ್ದ ಮೇಲೆಯೇ ಊರಿಗೆ ಪೂರ್ತಿ ಗೊತ್ತಾಗುವುದು.

ಹಿಂದೆ ಇದಕ್ಕೊಂದು ತಡೆ ಇತ್ತು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ (ಗದಗ, ಹಾವೇರಿ 1997ರವರೆಗೆ ಅದರೊಳಗೇ ಇದ್ದವು) 1948ರ ಗೇಣಿ ಕಾಯ್ದೆ ಒಕ್ಕಲುತನ ಮಾಡದವರಿಗೆ ಹೊಲ ಮಾರುವುದನ್ನು ನಿರ್ಬಂಧಿಸಿತ್ತು. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ 79ಎ, 79ಬಿ ಕಲಂ ಸೇರಿದವು: ಬೇರೆ ಆದಾಯ ಮಿತಿ ಮೀರಿದವರು, ಕಂಪನಿಗಳು ಹೊಲ ಕೊಳ್ಳುವಂತಿಲ್ಲ. ಲಾವಣಿ (ಗೇಣಿ) ಮಾಡುತ್ತಿದ್ದವರಿಗೆ ಸಿಕ್ಕ ಹೊಲವನ್ನೂ 15 ವರ್ಷ ಮಾರುವಂತಿರಲಿಲ್ಲ. 2015ರಲ್ಲಿ ಆದಾಯ ಮಿತಿ 25 ಲಕ್ಷ ರೂಪಾಯಿಗೆ ಏರಿತು. 2020ರಲ್ಲಿ ಆ ಕಲಂಗಳೇ ಹೋದವು. ಅದಕ್ಕೂ ಮೊದಲು ಸಂಬಂಧಿಕರ ಹೆಸರಲ್ಲಿ ಖರೀದಿ ನಡೆದೇ ಇತ್ತು, ಬಿಡಿ.

ಈಗ ಉಳಿದಿರುವುದು ಭೂಕಂದಾಯ ಕಾಯ್ದೆಯ ಕಲಂ 95ರ ಪ್ರಕಾರ ಹೊಲವನ್ನು ಕೃಷಿಯೇತರ, ಅಂದರೆ ಎನ್‌ಎ ಮಾಡಿಸುವುದು. ಅದಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಡ. ಕೇಂದ್ರದ ನಿಯಮದಂತೆ ಪರಿಸರ ಅನುಮತಿ ಬೇಕಾಗುವುದು ಕಟ್ಟಡ 20,000 ಚದರ ಮೀಟರ್ ಮುಟ್ಟಿದಾಗ; ಬಿಡಿಬಿಡಿ ಕಾಟೇಜುಗಳು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದೇ ಇಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನ ಇಂಥ ಖಾಸಗಿ ಖರೀದಿಗೆ ತಾಗುವುದಿಲ್ಲ. ಊರವರನ್ನು ಕೇಳುವ ಹಂತವೇ ಇಲ್ಲವೆಂದಾಯಿತು.

ಮೊದಲು ತಟ್ಟುವುದು ನೀರು. ಹೋಟೆಲಿಗೆ ಲೆಕ್ಕ ಹಿಡಿಯುವುದು ಹಾಸಿಗೆಗೆ ದಿನಕ್ಕೆ 180 ಲೀಟರ್. 60 ಕೋಣೆ, 120 ಹಾಸಿಗೆ ಅಂದರೆ 21,600 ಲೀಟರ್. ಜಲಜೀವನ ಯೋಜನೆ ಹಳ್ಳಿಯ ಒಬ್ಬರಿಗೆ ಇಟ್ಟಿರುವುದು 55 ಲೀಟರ್. ಹೆಚ್ಚುಕಡಿಮೆ 390 ಮಂದಿಯ ಪಾಲು ಇದು. ಒಂದು ಎಕರೆ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ಕೊಟ್ಟರೂ ಮತ್ತೆ 16,000 ಲೀಟರ್. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಎನ್‌ಎ ಆಗದ ತುಂಡಿನಲ್ಲಿ ಬೋರ್ ಉಳಿಸಿಕೊಂಡು ರೆಸಾರ್ಟಿಗೆ ಪೈಪ್ ಎಳೆದರೆ ಉತಾರದ (ಪಹಣಿಯ) ಪ್ರಕಾರ ಅದು ಇನ್ನೂ ರೈತನ ಬೋರೇ. ಪಂಚಾಯಿತಿ ನೋಡಬೇಕಾದ್ದು ಇದನ್ನು, ಸ್ವಾಗತ ಕಮಾನನ್ನಲ್ಲ.

ಬಳಸಿದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆ, ಅಂದರೆ ಕೋಣೆಗಳಿಂದಲೇ 17,000 ಲೀಟರ್. ಕಲಘಟಗಿ ಕಡೆಯ ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಇಂಗುಗುಂಡಿ ಒಂದಿಷ್ಟು ಕುಡಿಯುತ್ತದೆ. ಗದಗ, ನವಲಗುಂದದ ಎರಿ (ಕಪ್ಪು) ಮಣ್ಣು ಹಸಿಯಾದೊಡನೆ ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಗುಂಡಿ ತುಂಬಿ ಹಳ್ಳಕ್ಕೆ ಹರಿಯುತ್ತದೆ. ಎರಿಯಲ್ಲಿ ಶುದ್ಧೀಕರಣ ಘಟಕ ಇಲ್ಲದೆ ಗತಿಯಿಲ್ಲ.

ಕೆಲಸ ಸಿಗುತ್ತದೆ, ನಿಜ: ಕಸ, ಕೈತೋಟ, ಗೇಟು.

ಆಮೇಲೆ ದಾರಿ. ಗ್ರಾಮ ನಕಾಶೆಯಲ್ಲಿ ಗುರುತಿಸಿದ ದಾರಿಗೆ ಗೇಟು ಹಾಕಿ ಮುಚ್ಚುವಂತಿಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಬಹುದು. ತೊಡಕಾಗುವುದು ನಕಾಶೆಯಲ್ಲಿಲ್ಲದೆ, ಬದುವಿನ ಗುಂಟ ರೂಢಿಯಿಂದ ಬಂದ ಚಕ್ಕಡಿ ದಾರಿಗೆ. 1882ರ ಈಸ್‌ಮೆಂಟ್ ಕಾಯ್ದೆಯಂತೆ 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ಬಳಸಿದ್ದರೆ ಅದೂ ಹಕ್ಕೇ, ಆದರೆ ಆ ಬಳಕೆ ದಾವೆಗೆ ಹಿಂದಿನ 2 ವರ್ಷದೊಳಗಿನವರೆಗೆ ನಡೆದಿರಬೇಕು. ಕಬ್ಬಿಣದ ಗೇಟು ಬಿದ್ದ ಮೇಲೆ ಮೂರು ಸುಗ್ಗಿ ಸುತ್ತುಹಾದಿಯಲ್ಲೇ ಕಣಕಿ ಹೇರಿಕೊಂಡು ಹೋದವರು ಕೋರ್ಟಿಗೆ ಹೋದರೆ ಎದುರು ವಕೀಲರು ಎತ್ತುವ ಮೊದಲ ಪ್ರಶ್ನೆ ಇದೇ.