ಚಿತ್ ಆದರೂ ಆಟ ಮುಗಿಯಲ್ಲ

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಎರಡು ವರ್ಷದಿಂದ ಗರಡಿಗೆ ಹೋಗ್ತಿದ್ದಾನೆ. ಈಗ ಎಂಎಂಎ ಕಲೀಬೇಕು ಅಂತ ಹಟ. ಮೊಬೈಲ್‌ನಲ್ಲಿ ನೋಡಿದರೆ ಬರೀ ರಕ್ತ. ರೂಲ್ಸೇ ಇಲ್ಲದ ಬೀದಿ ಜಗಳ ಅಲ್ವಾ ಅದು?
– ಮಂಡ್ಯದ ಒಬ್ಬ ತಾಯಿ

ಅಲ್ಲಮ್ಮ. ಎಂಎಂಎ ಅಂದರೆ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್. ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಆಟ. ಆದರೆ ಶುರುವಿನಲ್ಲಿ ಹೆಚ್ಚುಕಮ್ಮಿ ನೀವು ಹೇಳಿದ ಹಾಗೇ ಇತ್ತು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಅನ್ನೋ ಎಂಎಂಎ ಪಂದ್ಯಾವಳಿ ಮೊದಲ ಸಲ ನಡೆದಾಗ ತೂಕದ ವಿಭಾಗವೂ ಇರಲಿಲ್ಲ. ಕಚ್ಚಬೇಡ, ಕಣ್ಣಿಗೆ ಬೆರಳು ಹಾಕಬೇಡ ಅನ್ನೋದು ಬಿಟ್ಟರೆ ನಿಯಮ ಅಂತ ಜಾಸ್ತಿ ಏನೂ ಇಲ್ಲ. ಈಗ 5 ನಿಮಿಷದ ಮೂರು ಸುತ್ತು, ಚಾಂಪಿಯನ್‌ಶಿಪ್ ಆದರೆ ಐದು. ತಲೆಯ ಹಿಂಭಾಗಕ್ಕೆ, ಬೆನ್ನುಮೂಳೆಗೆ, ತೊಡೆಸಂದಿಗೆ ಹೊಡೆಯುವ ಹಾಗಿಲ್ಲ. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಸಮಬಲ ನೋಡ್ತಾರಲ್ಲ, ಇಲ್ಲಿ ತಕ್ಕಡಿ ಮೇಲೆ ನಿಲ್ಲಿಸಿಯೇ ಜೋಡಿ ಮಾಡುತ್ತಾರೆ.

ರಕ್ತದ ಮಾತು ಬಂತು ಅಂತ ಹೇಳ್ತೀನಿ. ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತೆ. ಬೋಳಿಸಿದ ತಲೆಯಿಂದ ಮೊದಲ ಹನಿ ರಕ್ತ ಬಂದರೆ ಕಾಳಗ ಮುಗೀತು. ಅದಕ್ಕೆ ನಾವು ಕೈ ಮುಗಿಯುತ್ತೇವೆ!

ನಿಮ್ಮ ಮಗನಿಗೆ ನಿಜವಾಗಿ ಕಷ್ಟವಾಗೋದು ರಕ್ತ ಅಲ್ಲ, ಗರಡಿಯ ಅಭ್ಯಾಸ. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಮುಗೀತು. ಅದಕ್ಕೇ ಕೆಳಗೆ ಸಿಕ್ಕಿದ ಪೈಲ್ವಾನ್ ಏನು ಮಾಡ್ತಾನೆ? ಹೊಟ್ಟೆ ಅಡಿಗೆ ಹಾಕಿ ಬೋರಲು ಬೀಳ್ತಾನೆ, ಮಣ್ಣು ಕಚ್ಚಿ ಮಲಗ್ತಾನೆ. ಎಂಎಂಎಯಲ್ಲಿ ಅದೇ ದೊಡ್ಡ ತಪ್ಪು. ಬೆನ್ನು ಕೊಟ್ಟ ಕೂಡಲೇ ಎದುರಾಳಿ ಮೇಲೆ ಹತ್ತಿ, ಸೊಂಟಕ್ಕೆ ಎರಡೂ ಕಾಲು ಸುತ್ತಿ, ಗದ್ದದ ಕೆಳಗೆ ತೋಳು ತೂರಿಸುತ್ತಾನೆ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿದರೆ ಕೆಲವೇ ಸೆಕೆಂಡಿಗೆ ಕಣ್ಣು ಕತ್ತಲೆ. ಅದರ ಬದಲು ಅಂಗಾತ ಮಲಗಿ, ಎದುರಾಳಿಯನ್ನು ಎರಡು ಕಾಲ ನಡುವೆ ಹಿಡಿದು, ಅಲ್ಲಿಂದಲೇ ಅವನ ಕೈ ತಿರುಚುವುದನ್ನು ಕಲಿಸುತ್ತಾರೆ. ಚಿತ್ ಆದವನೇ ಗೆಲ್ಲಬಹುದು! ಗರಡಿಯವರಿಗೆ ಇದು ಒಗ್ಗೋಕೆ ಟೈಮ್ ಬೇಕು. ಆ ಮೊದಲ ಯುಎಫ್‌ಸಿಯಲ್ಲಿ ಬ್ರೆಜಿಲ್‌ನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ್ದು ಗುದ್ದಿನಿಂದಲ್ಲ, ಇಂಥ ನೆಲದ ಪಟ್ಟುಗಳಿಂದ.

ಹಾಗಂತ ಗರಡಿಯಲ್ಲಿ ಕಲಿತದ್ದು ದಂಡ ಅಲ್ಲ. ಆಟ ನಿಂತು ನಡೀಬೇಕಾ, ನೆಲದಲ್ಲಾ ಅಂತ ತೀರ್ಮಾನಿಸೋದು ಕೆಡವೋಕೆ ಗೊತ್ತಿರುವವನೇ. 29 ಪಂದ್ಯ ಆಡಿ ಒಂದೂ ಸೋಲದೆ ನಿವೃತ್ತರಾದ ರಷ್ಯಾದ ಖಬೀಬ್ ನುರ್ಮಗೊಮೆದೊವ್ ಅವರ ಬಲವೇ ಕುಸ್ತಿ. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಗುದ್ದು, ಒದೆತದ ಚೀನೀ ಕಲೆ ವುಶುವಿನಿಂದ ಬಂದವರು. 2024ರಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಆ ಗುದ್ದು, ಒದೆತವನ್ನೂ ನಿಮ್ಮ ಹುಡುಗ ಹೊಸದಾಗಿ ಕಲೀಬೇಕು.

ಪೆಟ್ಟಾಗಲ್ಲ ಅಂತ ನಾನು ಸುಳ್ಳು ಹೇಳಲ್ಲ. ತಲೆಗೆ ಬೀಳುವ ಹೊಡೆತ ಕುಸ್ತಿಯಲ್ಲಿ ಇಲ್ಲದ ಅಪಾಯ. ಕಲಿಯುವ ಮೊದಲ ತಿಂಗಳುಗಳಲ್ಲಿ ಅದು ಬೇಕಾಗಿಯೂ ಇಲ್ಲ. ತೂಕ ಇಳಿಸೋಕೆ ನೀರು ಕುಡಿಯೋದನ್ನೇ ಬಿಡಿಸುವ ಚಾಳಿಯೂ ಇದೆ. 17ರ ಹುಡುಗನಿಗೆ ಅದು ಬೇಡವೇ ಬೇಡ.

ಸೇರಿಸುವ ಮುಂಚೆ ಒಂದು ಸಂಜೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಪಟ್ಟು ಬಿಗಿಯಾದಾಗ ಸಿಕ್ಕಿಕೊಂಡವನು ಎದುರಾಳಿಯ ಮೈಮೇಲೋ ಮ್ಯಾಟ್ ಮೇಲೋ ಅಂಗೈಯಿಂದ ಪಟಪಟ ತಟ್ಟುತ್ತಾನೆ. ಸಾಕು, ಬಿಡು ಅಂತ. ತಟ್ಟಿದ ಮೇಲೂ ಒಂದು ಗಳಿಗೆ ಹಿಡಿದುಕೊಂಡವನನ್ನು ಕೋಚ್ ಗದರುತ್ತಾರಾ, ನೋಡದ ಹಾಗೆ ಇರ್ತಾರಾ? ನೋಡದ ಹಾಗೆ ಇದ್ದರೆ ಫೀಸು ಕಟ್ಟದೆ ಮಗನನ್ನು ಕರ್ಕೊಂಡು ಬಂದುಬಿಡಿ.